ಮರೆಯಾದ ಕಿಟಕಿ ಮುಚ್ಚಿದ ಕಿಟಕಿಯಲ್ಲ



ಹಳೇ ಮೈಸೂರು ಸೀಮೆಯ ತೊಗಲುಗೊಂಬೆಯಾಟ ನೋಡಿದವರಿಗೆ ಒಂದು ಸಂಗತಿ ಗೊತ್ತು. ಬಿಳಿಯ ಪರದೆಯಿಂದ ರಾವಣ ಸರಿದುಹೋದ ಮಾತ್ರಕ್ಕೆ ಅವನು ಸತ್ತನೆಂದಲ್ಲ. ಗೊಂಬೆ ಆಡಿಸುವವರ ಕೈಗೆಟಕುವಲ್ಲೇ ಇರುತ್ತದೆ. ಸರದಿ ಬಂದಾಗ ಮತ್ತೆ ದೀಪದ ಬೆಳಕಿಗೆ ಬರುತ್ತದೆ. ಹಲವು ಪಾತ್ರಗಳನ್ನು ಒಂದೇ ತೊಗಲಿನಲ್ಲಿ ಬಿಡಿಸಿದ ಇಡೀ ದೃಶ್ಯಗಳೂ ಕರ್ನಾಟಕದ ಈ ಕಲೆಯಲ್ಲಿವೆ. ಒಂದನ್ನು ತೆಗೆದು ಇನ್ನೊಂದನ್ನು ಹಿಡಿದರೆ ಸನ್ನಿವೇಶವೇ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ‘ವರ್ಕ್‌ಸ್ಪೇಸ್’ ಎಂಬ ಏರ್ಪಾಡು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಮಂಡ್ಯದ ಒಂದು ಡಿ.ಟಿ.ಪಿ. ಅಂಗಡಿಯನ್ನು ಊಹಿಸಿಕೊಳ್ಳಿ. ಮದ್ದೂರಿನವರ ಲಗ್ನಪತ್ರಿಕೆ, ಮಳವಳ್ಳಿಯ ರೈತರೊಬ್ಬರ ಅರ್ಜಿ, ಶಾಲೆಯೊಂದರ ಪ್ರಶ್ನೆಪತ್ರಿಕೆ ಮೂರೂ ಒಟ್ಟಿಗೆ ನಡೆಯಬೇಕು. ಒಂದೊಂದಕ್ಕೂ ಮೂರು ನಾಲ್ಕು ಕಿಟಕಿಗಳು. ಎಲ್ಲವೂ ಒಂದೇ ತೆರೆಯ ಮೇಲೆ ಕವುಚಿ ಬಿದ್ದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಈ ತೊಡಕನ್ನೇ ಅಧ್ಯಯನ ಮಾಡಿದರು. ತೆರೆ ಚಿಕ್ಕದು, ಜಾಗಕ್ಕಾಗಿ ಕಿಟಕಿಗಳ ಪೈಪೋಟಿ ದೊಡ್ಡದು. ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ ಕೊಡುವುದು ಅವರು 1986ರಲ್ಲಿ ಸೂಚಿಸಿದ ಪರಿಹಾರ. ವ್ಯವಸ್ಥೆಗೆ ಇಟ್ಟ ಹೆಸರೂ ‘ರೂಮ್ಸ್’ ಎಂದೇ.

ಹಾಗಾದರೆ ಕಿಟಕಿ ಮರೆಯಾಗುವುದು ಹೇಗೆ? ಎಂ.ಐ.ಟಿ.ಯಲ್ಲಿ 1984ರಲ್ಲಿ ಆರಂಭವಾದ ‘ಎಕ್ಸ್ ವಿಂಡೋ’ ವ್ಯವಸ್ಥೆಯಲ್ಲಿ ತೆರೆಯ ಮೇಲೆ ಚಿತ್ರಿಸುವುದು ಒಂದು ತಂತ್ರಾಂಶ. ಕಿಟಕಿಗಳ ಜಾಗ ನಿರ್ಧರಿಸುವ ‘ವಿಂಡೋ ಮ್ಯಾನೇಜರ್’ ಇನ್ನೊಂದು. ಪ್ರತಿ ಕಿಟಕಿಗೂ ಅದರ ಕೋಣೆಯ ಸಂಖ್ಯೆಯನ್ನು ಈ ಮ್ಯಾನೇಜರ್ ಬರೆದಿಟ್ಟಿರುತ್ತದೆ. ಕೋಣೆ ಬದಲಿಸಿದೊಡನೆ ಹಳೆಯ ಕೋಣೆಯ ಕಿಟಕಿಗಳನ್ನು ತೆರೆಯಿಂದ ಇಳಿಸುವಂತೆಯೂ ಹೊಸ ಕೋಣೆಯವನ್ನು ಏರಿಸುವಂತೆಯೂ ಹೇಳುತ್ತದೆ. ಏರಿದ ಕಿಟಕಿಗೆ ‘ನಿನ್ನನ್ನು ಮತ್ತೆ ಬಿಡಿಸಿಕೋ’ ಎಂಬ ಸೂಚನೆ ಹೋಗುತ್ತದೆ. ಕೆಲವು ಮ್ಯಾನೇಜರ್‌ಗಳು ಕಿಟಕಿಯನ್ನು ಇಳಿಸುವುದೇ ಇಲ್ಲ, ತೆರೆಯ ಅಂಚಿನಾಚೆಗೆ ತಳ್ಳಿಬಿಡುತ್ತವೆ. ಗಡಿಯಾರದಂಥವನ್ನು ಎಲ್ಲ ಕೋಣೆಗಳಲ್ಲೂ ಕಾಣುವಂತೆ ಅಂಟಿಸಿಡಲೂಬಹುದು.

ಈ ಸೌಲಭ್ಯ ಆ್ಯಪಲ್‌ನ ಮ್ಯಾಕ್‌ಗೆ 2007ರಲ್ಲಿ ಬಂತು. ಮೈಕ್ರೋಸಾಫ್ಟ್ ವಿಂಡೋಸ್‌ನೊಳಗೆ ಸೇರಿದ್ದು 2015ರಲ್ಲಿ. ಲಿನಕ್ಸ್ ಬಳಸುವವರಿಗೆ ಅದು 1990ರ ದಶಕದಲ್ಲೇ ಪರಿಚಿತ. ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ಕಂಪ್ಯೂಟರ್ ತರಬೇತಿಯಲ್ಲಿ ಬಳಕೆಯಾದ ಉಬುಂಟು ಕೂಡ ಲಿನಕ್ಸ್ ಕುಟುಂಬದ್ದೇ.

ಇಲ್ಲಿ ಎರಡು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದು, ಮರೆಯಾದದ್ದು ನಿಂತಿಲ್ಲ. ಕಾಣದ ಕೋಣೆಯಲ್ಲಿ ಹಾಡು ಹಾಡುತ್ತಲೇ ಇರುತ್ತದೆ, ಕಡತ ಇಳಿಯುತ್ತಲೇ ಇರುತ್ತದೆ. ಯಂತ್ರದ ಸ್ಮರಣೆಯಲ್ಲಿ ಅವುಗಳ ಪಾಲೂ ಖರ್ಚಾಗುತ್ತಿರುತ್ತದೆ. ಕಿಟಕಿಗಳನ್ನು ಹಂಚಿಟ್ಟ ಮಾತ್ರಕ್ಕೆ ಯಂತ್ರದ ಹೊರೆ ಇಳಿಯುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ: ಮರೆಯಾದದ್ದು ಉಳಿದದ್ದೂ ಅಲ್ಲ. ಮಳವಳ್ಳಿಯ ರೈತರ ಅರ್ಜಿ ಅರ್ಧ ಟೈಪಾಗಿ ಮೂರನೆಯ ಕೋಣೆಯಲ್ಲಿದೆ, ಅಂಗಡಿಯವರು ಲಗ್ನಪತ್ರಿಕೆಯಲ್ಲಿ ಮುಳುಗಿದ್ದಾರೆ ಎನ್ನಿ. ಆಗ ಕರೆಂಟು ಹೋದರೆ ‘ಸೇವ್’ ಮಾಡದ ಸಾಲುಗಳು ಹೋದಂತೆಯೇ. ಅರ್ಜಿಗೆ ಅಂದೇ ಕಡೆಯ ದಿನವಾಗಿದ್ದರೆ ನಷ್ಟ ಅಂಗಡಿಯವರದ್ದಷ್ಟೇ ಆಗಿರುವುದಿಲ್ಲ. ಪ್ರಶ್ನೆಪತ್ರಿಕೆಯ ಕೋಣೆಗಾದರೂ ಬೀಗವಿಲ್ಲ. ಎರಡು ಕೀಲಿ ಒತ್ತಿದರೆ ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ.

ಕೋಣೆಗಳು ಕೆಲಸ ಮಾಡುವವರ ಗಮನವನ್ನು ಕಾಯುತ್ತವೆ. ಬರೆದದ್ದನ್ನು ಕಾಯುವುದು ‘ಸೇವ್’, ಗುಟ್ಟನ್ನು ಕಾಯುವುದು ಪಾಸ್‌ವರ್ಡ್. ಒಂದು ಇನ್ನೊಂದರ ಕೆಲಸವನ್ನು ಮಾಡುವುದಿಲ್ಲ.