ನಕ್ಷತ್ರ ಎಣಿಸಿ ಫ್ಯಾನ್ ತಗೊಳ್ರಿ



ನಮ್ಮ ಅಕ್ಕಲಕೋಟೆ ಕಡೆ ಲೈಟ್ ಬಿಲ್ಲು ಮರಾಠಿಯಲ್ಲಿ ಬರುತ್ತದೆ. ಓದಲು ಬಾರದವರು ಮಕ್ಕಳ ಕೈಗೆ ಕೊಟ್ಟು "ಎಷ್ಟು ಬಂತು ನೋಡಪ್ಪಾ" ಅಂತೀರಿ. ಆದರೆ ಆ ಬಿಲ್ಲು ಹೆಚ್ಚೋ ಕಡಿಮೆಯೋ ಎಂಬುದು ಅರ್ಧ ತೀರ್ಮಾನವಾಗುವುದು ಅಂಗಡಿಯಲ್ಲಿ, ಫ್ಯಾನ್ ಕೊಳ್ಳುವ ದಿನವೇ.

ಅಂಗಡಿಯಲ್ಲಿ ನಾವು ಮೊದಲು ಬೆಲೆ ಕೇಳ್ತೀವಿ. ಅದು ಇವತ್ತು ಕೈಬಿಡುವ ಹಣ, ಕಣ್ಣಿಗೆ ಕಾಣ್ತದೆ. ಮುಂದೆ ವರ್ಷಗಟ್ಟಲೆ ಕಟ್ಟುವ ಕರೆಂಟಿನ ಹಣ ಅಲ್ಲಿ ಕಾಣುವುದಿಲ್ಲ. ಇದು ದಡ್ಡತನ ಅಲ್ಲ. ಓದಿದವರೂ ಹೀಗೇ ಮಾಡ್ತಾರೆ. ಮನುಷ್ಯರ ಸ್ವಭಾವವೇ ಹಾಗೆ.

ಈ ಸ್ವಭಾವ ನೋಡಿಯೇ ಕೆಲವು ನಿಯಮ ಬಂದಿವೆ. 2006ರಲ್ಲಿ ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ ನಕ್ಷತ್ರದ ಚೀಟಿ ತಂದಿತು. ಒಂದರಿಂದ ಐದು ನಕ್ಷತ್ರ. ನಕ್ಷತ್ರ ಹೆಚ್ಚಾದಷ್ಟೂ ಕರೆಂಟಿನ ಉಳಿತಾಯ ಹೆಚ್ಚು. 2023ರಿಂದ ಸೀಲಿಂಗ್ ಫ್ಯಾನಿಗೂ ಈ ಚೀಟಿ ಕಡ್ಡಾಯ. ಇದಕ್ಕೆ ಕನ್ನಡವೂ ಬೇಡ, ಮರಾಠಿಯೂ ಬೇಡ. ಎಣಿಸಲು ಬಂದರೆ ಸಾಕು.

ಈಗ ಲೆಕ್ಕ ಮಾಡೋಣ. ಹಳೇ ನಮೂನೆಯ ಫ್ಯಾನು 75 ವ್ಯಾಟ್. ದಿನಕ್ಕೆ 10 ತಾಸು ತಿರುಗಿದರೆ ವರ್ಷಕ್ಕೆ ಸುಮಾರು 274 ಯೂನಿಟ್. 30 ವ್ಯಾಟಿನ ಹೊಸ ಫ್ಯಾನಾದರೆ ಸುಮಾರು 110. ಉಳಿಯುವುದು 164 ಯೂನಿಟ್. ಯೂನಿಟ್ಟಿಗೆ 5 ರೂಪಾಯಿ ಹಿಡಿದರೂ 820 ರೂಪಾಯಿ. ಹೊಸದಕ್ಕೆ 1200 ರೂಪಾಯಿ ಹೆಚ್ಚು ಕೊಟ್ಟಿರಿ ಅನ್ನಿ, ಒಂದೂವರೆ ವರ್ಷದಲ್ಲಿ ಮರಳಿ ಬಂತು. ಆಮೇಲಿನದೆಲ್ಲ ನಿಮ್ಮ ಗಂಟು.

ಇನ್ನೊಂದು ನಿಯಮ ಕೇಳ್ರಿ. 2020ರಿಂದ ಮನೆಬಳಕೆಯ ಹೊಸ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕು. ಬೇಕಾದವರು ಬದಲಿಸಬಹುದು, ಅಡ್ಡಿಯಿಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೇ ಬಿಡುವವರೇ ಬಹಳ. ಒಂದು ಡಿಗ್ರಿ ಏರಿಸಿಟ್ಟರೆ ಸುಮಾರು ನೂರಕ್ಕೆ ಆರು ಪಾಲು ಕರೆಂಟು ಉಳಿಯುತ್ತದೆ ಎಂದು ಬ್ಯೂರೋ ಹೇಳುತ್ತದೆ.

ಈ ನಿಯಮಗಳು ನಮ್ಮ ಕೈ ಹಿಡಿದು ಎಳೆಯುವುದಿಲ್ಲ. ದಾರಿ ತೋರಿಸ್ತವೆ ಅಷ್ಟೆ. ನಡೆಯಬೇಕಾದವರು ನಾವು. ಅಂಗಡಿಯವರು ಅಗ್ಗದ್ದನ್ನು ಮುಂದಿಟ್ಟರೆ "ಚೀಟಿ ತೋರಿಸ್ರಿ" ಅನ್ನಿರಿ.

ನಾಳೆ ಪಾಠಕ್ಕೆ ಬರುವಾಗ ನಿಮ್ಮ ಲೈಟ್ ಬಿಲ್ಲು ತನ್ನಿರಿ. ಯೂನಿಟ್ ಎಲ್ಲಿ ಬರೆದಿದೆ, ಎಲ್ಲರೂ ಕೂಡಿ ಹುಡುಕೋಣ.