ಉಸಿರಾಡಲಿಕ್ಕೂ ಊಟ ಬೇಕು

ಮಕ್ಕಳೇ, ಹೊಟ್ಟೆಯ ಮೇಲ್ಭಾಗದಲ್ಲಿ ಕೈಯಿಟ್ಟು ಉಸಿರೆಳೆಯಿರಿ. ಉಬ್ಬಿತಲ್ಲ? ಒಳಗೆ ವಪೆ ಎಂಬ ಅಗಲವಾದ ಸ್ನಾಯು ಕೆಳಗಿಳಿದು ಶ್ವಾಸಕೋಶಕ್ಕೆ ಜಾಗ ಮಾಡಿಕೊಟ್ಟಿತು. ನೀವು ಮಲಗಿದರೂ ಅದಕ್ಕೆ ರಜೆಯಿಲ್ಲ. ಹಗಲೂ ರಾತ್ರಿ ದುಡಿಯುವ ಅದಕ್ಕೂ ಊಟ ಬೇಕು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರಿಗಾದರೂ ನ್ಯುಮೋನಿಯಾ ವಿಪರೀತವಾದರೆ ಹುಬ್ಬಳ್ಳಿಗೋ, ಘಟ್ಟ ಇಳಿದು ಮಣಿಪಾಲಕ್ಕೋ ಕರೆದೊಯ್ಯುವುದುಂಟು. “ವೆಂಟಿಲೇಟರ್ ಹಾಕಿದ್ದಾರಂತೆ” ಎಂಬ ಮಾತನ್ನು 2021ರ ಕೋವಿಡ್ ಕಾಲದಲ್ಲಿ ನಿಮ್ಮ ಮನೆಯ ಹಿರಿಯರು ಕೇಳಿರುತ್ತಾರೆ. ಅದು ಶ್ವಾಸಕೋಶಕ್ಕೆ ಗಾಳಿ ಊದುವ ಯಂತ್ರ. ಅದರ ಕೊಳವೆ ಬಾಯಿಯಿಂದ ಗಂಟಲೊಳಗೆ ಇಳಿದಿರುತ್ತದೆ. ಹಾಗಾದರೆ ಊಟ ಎಲ್ಲಿಂದ?

ಮೂಗಿನಿಂದ! ಪೆನ್ಸಿಲಿಗಿಂತ ಸಪೂರಾದ, ಮೆತ್ತನೆಯ ಇನ್ನೊಂದು ಕೊಳವೆ ಮೂಗಿನ ಮೂಲಕ ಹೊಟ್ಟೆ ಸೇರುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ರೈಲ್ಸ್ ಟ್ಯೂಬ್ ಅನ್ನುತ್ತಾರೆ. ಜಾನ್ ರೈಲ್ ಎಂಬ ಇಂಗ್ಲೆಂಡಿನ ವೈದ್ಯರ ಹೆಸರು ಅದು.

ಎಷ್ಟು ಉದ್ದ ಬೇಕು? ಒಂದು ದಾರ ತನ್ನಿ. ಮೂಗಿನ ತುದಿಯಿಂದ ಕಿವಿಯ ಹಾಲೆಗೆ ಹಿಡಿಯಿರಿ, ಅಲ್ಲಿಂದ ಎದೆಮೂಳೆ ಮುಗಿಯುವ ಜಾಗಕ್ಕೆ. ನರ್ಸ್ ಅಕ್ಕ ಅಳೆಯುವುದೂ ಹೀಗೆಯೇ. ದೊಡ್ಡವರಿಗಾದರೆ ನಿಮ್ಮ 30 ಸೆಂಟಿಮೀಟರಿನ ಸ್ಕೇಲು ಹೆಚ್ಚುಕಡಿಮೆ ಎರಡು ಬೇಕಾದೀತು. (ದಾರ ಮೂಗಿನೊಳಗೆ ಹಾಕೀರಿ, ಜೋಕೆ!) ಕೊಳವೆ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗಿಲ್ಲವೆಂದು ಎಕ್ಸ್‌ರೇ ತೆಗೆದು ನೋಡಿಯೇ ಊಟ ಶುರುಮಾಡುತ್ತಾರೆ.

ಊಟವೆಂದರೆ ತೆಳ್ಳಗಿನ, ಗಂಟಿಲ್ಲದ ದ್ರವ. 60 ಕೇಜಿ ತೂಕದವರಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ. ಅದರಲ್ಲಿ ಪ್ರೋಟೀನು ಸಾಕಷ್ಟಿರಲೇಬೇಕು. ಇಲ್ಲದಿದ್ದರೆ ಮೈ ತನ್ನದೇ ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ, ವಪೆಯನ್ನೂ ಬಿಡುವುದಿಲ್ಲ.

ಹಾಗಿದ್ದರೆ ಹೆಚ್ಚೆಚ್ಚು ಕೊಟ್ಟರೆ ಬೇಗ ಗುಣವಾಗಬೇಕಲ್ಲ? ನನಗೆ ಬಹಳ ಸೋಜಿಗವೆನಿಸುವುದು ಇಲ್ಲೇ. ಬಚ್ಚಲ ಒಲೆಗೆ ಒಂದೇ ಸಲ ಅಡಿಕೆ ಸಿಪ್ಪೆ ತುರುಕಿದರೆ ಏನಾಗುತ್ತದೆ? ಹೊಗೆಯೋ ಹೊಗೆ, ಕಣ್ಣೆಲ್ಲ ಉರಿ. ಊಟ ಮೈಯೊಳಗೆ ಉರಿದಾಗಲೂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಹೊರಹಾಕಬೇಕಾದ್ದು ಶ್ವಾಸಕೋಶವೇ. ಅದೋ, ಮೊದಲೇ ಸೋತು ಕೂತಿದೆ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಶುರುಮಾಡಿ, ದಿನದಿಂದ ದಿನಕ್ಕೆ ಏರಿಸುತ್ತಾರೆ.

ಕಂಪಾಸ್ ಪೆಟ್ಟಿಗೆಯ ಕೋನಮಾಪಕ ತೆಗೆಯಿರಿ. 30ರಿಂದ 45 ಡಿಗ್ರಿ ನೋಡಿ. ಮಂಚದ ತಲೆಭಾಗ ಅಷ್ಟು ಎತ್ತರಿಸಿರುತ್ತಾರೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯದಿರಲೆಂದು.

ವೆಂಟಿಲೇಟರ್ ತೆಗೆದ ಕೂಡಲೇ ಅನ್ನ-ಸಾರು ಸಿಗುವುದಿಲ್ಲ. ಗಂಟಲು ನುಂಗುವ ಅಭ್ಯಾಸ ತಪ್ಪಿಸಿಕೊಂಡಿರಬಹುದು. ಒಂದೇ ಒಂದು ಚಮಚ ಕೊಟ್ಟು ನೋಡುತ್ತಾರೆ. ಕೆಮ್ಮು ಬಂತೋ, ಮೂಗಿನ ಕೊಳವೆ ಇನ್ನೂ ಕೆಲವು ದಿನ ಅಲ್ಲೇ ಇರುತ್ತದೆ.