ಬಿಯರ್ ಕೆಡುವುದು ಕೊಳೆಯಿಂದಲೋ, ಸೆಕೆಯಿಂದಲೋ?

ಬಿಯರ್ ಕೆಟ್ಟಿತೆಂದರೆ ದೂರು ಮೊದಲು ಹೋಗುವುದು ಪಾತ್ರೆಯ ಮೇಲೆ. ಸರಿಯಾಗಿ ತೊಳೆದಿರಲಿಲ್ಲ ಅನ್ನುತ್ತಾರೆ. ಇದು ಅರ್ಧ ನಿಜ. ಉಳಿದರ್ಧ ಗೊತ್ತಾಗಬೇಕಾದರೆ ಬಿಯರನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಸೀಮೆಗೆ ಬರೋಣ. ರಾಗಿ, ತೆಂಗು ಬೆಳೆಯುವ ಇಂಥ ಒಣನೆಲಗಳಲ್ಲಿ ಈಚಲು ಮರವೂ ಉಂಟು. ಈಡಿಗರ ಹಳೆಯ ಕಸುಬು ಇದು: ಸಂಜೆ ಮರದ ನೆತ್ತಿಯ ಹತ್ತಿರ ಕೆತ್ತಿ ಗಡಿಗೆ ಕಟ್ಟುವುದು, ಬೆಳಕು ಹರಿಯುವ ಮೊದಲೇ ಇಳಿಸುವುದು. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಸಿಗುವುದು ಸಿಹಿ ನೀರಾ, ಬಳಿಯದಿದ್ದರೆ ಹೆಂಡ. ಸುಣ್ಣದ ಕ್ಷಾರ ಯೀಸ್ಟಿನ ಕೆಲಸವನ್ನು ತಡೆಯುತ್ತದೆ. ಸುಣ್ಣವಿಲ್ಲದಿದ್ದರೆ ರಸ ಮರದ ಮೇಲಿರುವಾಗಲೇ ಹುದುಗತೊಡಗುತ್ತದೆ, ಬಿಸಿಲೇರಿದಂತೆ ಹುಳಿಯಾಗುತ್ತದೆ, ಮಾರನೆಯ ದಿನಕ್ಕೆ ಇನ್ನಷ್ಟು ಕೆಟ್ಟು ವಿನೆಗರಿನ ದಾರಿ ಹಿಡಿಯುತ್ತದೆ. ಇಳಿಸುವವರು ಸೂರ್ಯನಿಗಿಂತ ಮೊದಲೇ ಎದ್ದದ್ದು ಅದಕ್ಕೇ. ಸೂಕ್ಷ್ಮದರ್ಶಕ ಬರುವ ಮೊದಲೇ ಹೊತ್ತು ಮತ್ತು ಸೆಕೆಯ ಲೆಕ್ಕ ಅವರಿಗೆ ತಿಳಿದಿತ್ತು.

ಯುರೋಪು ಇದೇ ಲೆಕ್ಕವನ್ನು ಬೇರೆ ತುದಿಯಿಂದ ಹಿಡಿಯಿತು. 1876ರಲ್ಲಿ ಲೂಯಿ ಪಾಶ್ಚರ್ ಬಿಯರಿನ ಮೇಲೆ ಒಂದು ಪುಸ್ತಕವನ್ನೇ ಬರೆದು, ಅದು ಹಾಳಾಗುವುದಕ್ಕೆ ಬೇಡದ ಸೂಕ್ಷ್ಮಜೀವಿಗಳು ಕಾರಣವೆಂದು ವಾದಿಸಿದರು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದು ಹೆಜ್ಜೆ ಮುಂದೆ ಹೋದರು. ಬ್ಯಾಕ್ಟೀರಿಯಾ ಮಾತ್ರವಲ್ಲ, ಕಾಡು ಯೀಸ್ಟ್ ಕೂಡ ರುಚಿ ಕೆಡಿಸುತ್ತದೆಂದು ಕಂಡುಕೊಂಡು, ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಕಾರ್ಲ್ಸ್‌ಬರ್ಗ್ ಆ ಯೀಸ್ಟನ್ನು ಬೇರೆಯವರಿಗೂ ಕೊಟ್ಟಿತು. ವ್ಯಾಪಾರಸ್ಥರಲ್ಲಿ ಇಷ್ಟು ಔದಾರ್ಯ ಅಪರೂಪ.

ಹಾಗಾದರೆ ಶುದ್ಧ ಯೀಸ್ಟ್, ತೊಳೆದ ಪಾತ್ರೆ ಇದ್ದರೆ ಸಾಲದೇ? ಸಾಲದು. ಹ್ಯಾನ್ಸನ್ನರ ಯೀಸ್ಟ್ ತಂಪಿನಲ್ಲಿ ಬದುಕುವಂಥದ್ದು. ಅದಕ್ಕೆ ಹತ್ತು ಡಿಗ್ರಿಯ ಆಸುಪಾಸು ಹಿತ. ಏಲ್ ಎಂಬ ಬಗೆಯ ಬಿಯರಿನ ಮಾಮೂಲಿ ಯೀಸ್ಟಿಗೂ ಇಪ್ಪತ್ತರ ಸುತ್ತಮುತ್ತ ಸಾಕು. ಮಂಡ್ಯದ ಬೇಸಿಗೆಯ ಮೂವತ್ತು ದಾಟಿದ ಸೆಕೆಯಲ್ಲಿ ಇವನ್ನು ಬಿಟ್ಟರೆ ಯೀಸ್ಟ್ ಅವಸರಕ್ಕೆ ಬಿದ್ದು ಗಂಟಲು ಸುಡುವ ಭಾರದ ಆಲ್ಕೋಹಾಲುಗಳನ್ನೂ ಹಣ್ಣಿನ ವಾಸನೆಯ ಎಸ್ಟರುಗಳನ್ನೂ ಸುರಿಯುತ್ತದೆ. ಅಲ್ಲಿ ಒಂದೂ ಕೆಟ್ಟ ಕ್ರಿಮಿ ಇರಬೇಕಿಲ್ಲ. ಹುದುಗುವಿಕೆಯೇ ಶಾಖ ಹುಟ್ಟಿಸುವುದರಿಂದ ಪೀಪಾಯಿಯ ಒಳಗಿನ ಬಿಸಿ ಕೋಣೆಗಿಂತ ಕೆಲವು ಡಿಗ್ರಿ ಮೇಲೇ ಇರುತ್ತದೆ, ಮತ್ತು ಈ ಹಾನಿಯ ಬಹುಪಾಲು ಯೀಸ್ಟ್ ಬೆಳೆಯುವ ಮೊದಲ ಎರಡು ಮೂರು ದಿನಗಳಲ್ಲೇ ಆಗಿಹೋಗುತ್ತದೆ. ಭಾರತದಲ್ಲಿ ಬ್ರಿಟಿಷರು ಕಸೌಲಿ, ಊಟಿಯಂಥ ಬೆಟ್ಟದ ಊರುಗಳನ್ನು ಬ್ರೂವರಿಗೆ ಆರಿಸಿಕೊಂಡದ್ದು ನೋಟ ಚೆನ್ನಾಗಿದೆಯೆಂದಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ನೀಲಗಿರಿಯ ಬ್ರೂವರಿಯೂ ಅದರಲ್ಲಿತ್ತು.

ಸೆಕೆಯ ಮೇಲಿನ ಈ ದೂರಿಗೊಂದು ಗಟ್ಟಿ ಆಕ್ಷೇಪ ಉಂಟು. ನಾರ್ವೆಯ ಹಳ್ಳಿಮನೆಗಳ ಕ್ವೈಕ್ ಎಂಬ ಯೀಸ್ಟ್ ಮೂವತ್ತೈದು ಡಿಗ್ರಿಯಲ್ಲೂ ಸ್ವಚ್ಛ ಬಿಯರ್ ಮಾಡುತ್ತದೆ, ಹಾಗಿರುವಾಗ ಸೆಕೆಯನ್ನು ಯಾಕೆ ಬೈಯಬೇಕು? ಸರಿಯಾದ ಮಾತೇ. ಆದರೆ ಅಲ್ಲಿನ ರೈತರು ತಲೆಮಾರುಗಳಿಂದ ಬಿಸಿ ರಸಕ್ಕೇ ಆ ಯೀಸ್ಟ್ ಹಾಕಿ, ಒಣಗಿಸಿಟ್ಟು, ಮತ್ತೆ ಬಳಸಿ ಅದನ್ನು ಪಳಗಿಸಿದ್ದಾರೆ. ಹಾಗಾಗಿ ನನ್ನ ವಾದ ಸೆಕೆ ಕೆಟ್ಟದ್ದೆಂದಲ್ಲ. ಯೀಸ್ಟಿಗೂ ಸೆಕೆಗೂ ಹೊಂದಾಣಿಕೆ ಬೇಕೆಂದು. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಆದ್ದರಿಂದ ಈ ಹೊಂದಾಣಿಕೆ ನೋಡಲು ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೇ ಹೋಗಬೇಕು. ಅಲ್ಲಿನ ಉಕ್ಕಿನ ಟ್ಯಾಂಕುಗಳ ಸುತ್ತ ತಂಪು ದ್ರವ ಹರಿಯುತ್ತಿರುತ್ತದೆ.

ಇನ್ನು ಹೊತ್ತಿನ ವಿಷಯ. ಹುದುಗುವಾಗ ಯೀಸ್ಟ್ ಹೊರಬಿಡುವ ಒಂದು ವಸ್ತು ಡಯಾಸಿಟೈಲ್ ಆಗಿ ಮಾರ್ಪಟ್ಟು ಬಿಯರಿಗೆ ಬೆಣ್ಣೆಯ ವಾಸನೆ ತರುತ್ತದೆ. ಬಿಟ್ಟರೆ ಯೀಸ್ಟೇ ಅದನ್ನು ಮತ್ತೆ ಹೀರಿಕೊಂಡು ಕರಗಿಸುತ್ತದೆ. ಆತುರಪಟ್ಟು ತಣ್ಣಗಾಗಿಸಿದರೆ ಅದು ಅಲ್ಲೇ ಉಳಿಯುತ್ತದೆ. ಅನುಭವಿಗಳು ಇದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸುವುದಿಲ್ಲ. ಒಂದು ಲೋಟ ಬಿಯರನ್ನು ಮುಚ್ಚಿ, ಬಿಸಿನೀರಿನಲ್ಲಿಟ್ಟು ಅರವತ್ತು ಡಿಗ್ರಿಯವರೆಗೆ ಕಾಯಿಸಿ, ಆರಿಸಿ ಮೂಸುತ್ತಾರೆ. ಬೆಣ್ಣೆಯ ವಾಸನೆ ಬಂದರೆ ಟ್ಯಾಂಕನ್ನು ಮುಟ್ಟದೆ ಇನ್ನೂ ಒಂದೆರಡು ದಿನ ಬಿಡುತ್ತಾರೆ.